ಭೂ ಉಪಯೋಗ ಬದಲಾವಣೆ ಮತ್ತು ವಲಯ ನಿಯಮಗಳು: ಹಾಸನ, ಹೊಳೆನರಸೀಪುರ, ಅರಕಲಗೂಡು ಹಾಗೂ ಚನ್ನರಾಯಪಟ್ಟಣ ತಾಲ್ಲೂಕುಗಳ ಸಾರ್ವಜನಿಕರಿಗೆ ಮಾಹಿತಿ

1. ಪೀಠಿಕೆ

ಜಮೀನಿನ ಮಾಲೀಕತ್ವ ಹಾಗೂ ಜಮೀನಿನ ಉಪಯೋಗ ಇವೆರಡೂ ಕಾನೂನಿನ ದೃಷ್ಟಿಯಲ್ಲಿ ಬೇರೆ ಬೇರೆ ವಿಷಯಗಳಾಗಿರುತ್ತವೆ. ಪಹಣಿಯಲ್ಲಿ ಹೆಸರಿದ್ದ ಮಾತ್ರಕ್ಕೆ ಆ ಜಮೀನಿನಲ್ಲಿ ಮನೆ, ಅಂಗಡಿ, ಕಲ್ಯಾಣ ಮಂಟಪ, ಅಕ್ಕಿ ಗಿರಣಿ ಅಥವಾ ಬಡಾವಣೆಯನ್ನು ನಿರ್ಮಿಸುವ ಅಧಿಕಾರವು ತಾನಾಗಿಯೇ ಪ್ರಾಪ್ತವಾಗುವುದಿಲ್ಲ. ಆ ಜಮೀನು ಯಾವ ವಲಯದಲ್ಲಿದೆ, ಆ ವಲಯದಲ್ಲಿ ಯಾವ ಉಪಯೋಗಕ್ಕೆ ಅವಕಾಶವಿದೆ ಎಂಬುದನ್ನು ಮೊದಲು ಖಚಿತಪಡಿಸಿಕೊಳ್ಳಬೇಕಾಗುತ್ತದೆ.

ಈ ವಿಷಯದಲ್ಲಿ ಸಾರ್ವಜನಿಕರಲ್ಲಿ ಸಾಕಷ್ಟು ಗೊಂದಲವಿರುವುದು ಕಂಡುಬರುತ್ತದೆ. "ಅನ್ಯಕ್ರಾಂತ ಆಗಿದೆ, ಇನ್ನೇನೂ ಬೇಕಿಲ್ಲ" ಎಂದು ತಿಳಿದು ಜೀವಮಾನದ ಉಳಿತಾಯವನ್ನು ನಿವೇಶನಕ್ಕೆ ಹಾಕಿದವರು, ತರುವಾಯ ಕಟ್ಟಡ ಪರವಾನಗಿಯೂ ದೊರೆಯದೆ ಬ್ಯಾಂಕ್ ಸಾಲವೂ ದೊರೆಯದೆ ತೊಂದರೆಗೆ ಒಳಗಾಗುತ್ತಾರೆ. ಅಂತಹವರಲ್ಲಿ ನಿವೃತ್ತ ನೌಕರರು, ಸಣ್ಣ ರೈತರು ಹಾಗೂ ಊರು ಬಿಟ್ಟು ದುಡಿದು ಹಣ ಕೂಡಿಸಿದವರೇ ಹೆಚ್ಚು. ಆದುದರಿಂದ ಅರ್ಜಿ ಸಲ್ಲಿಸುವವರು, ನಿವೇಶನ ಖರೀದಿಸುವವರು ಹಾಗೂ ನೆರೆಹೊರೆಯ ಭೂ ಉಪಯೋಗ ಬದಲಾವಣೆಗೆ ಆಕ್ಷೇಪಣೆ ಸಲ್ಲಿಸಲು ಇಚ್ಛಿಸುವವರು, ಈ ಮೂವರಿಗೂ ಉಪಯುಕ್ತವಾಗುವಂತೆ ಈ ಕೆಳಗಿನ ಮಾಹಿತಿಯನ್ನು ನೀಡಲಾಗಿದೆ.

2. ಕಾನೂನಿನ ಹಿನ್ನೆಲೆ

ಯೋಜಿತ ರೀತಿಯಲ್ಲಿ ನಗರವನ್ನು ಬೆಳೆಸುವ ಪದ್ಧತಿ ನಮ್ಮ ನಾಡಿಗೆ ಹೊಸದಲ್ಲ. 1898ರ ಪ್ಲೇಗ್ ಪಿಡುಗಿನ ಸಂದರ್ಭದಲ್ಲಿ ಬೆಂಗಳೂರಿನಲ್ಲಿ ಬಸವನಗುಡಿ ಮತ್ತು ಮಲ್ಲೇಶ್ವರಂ ಬಡಾವಣೆಗಳು ರೂಪುಗೊಂಡವು. 1903ರಲ್ಲಿ ಮೈಸೂರು ನಗರಕ್ಕೆ ಸುಧಾರಣಾ ಮಂಡಳಿಯು ರಚನೆಯಾಯಿತು. ಆದರೆ ಇಡೀ ರಾಜ್ಯಕ್ಕೆ ಅನ್ವಯಿಸುವಂತೆ ಭೂಮಿಯ ಉಪಯೋಗವನ್ನು ನಿಯಂತ್ರಿಸುವ ಕಾನೂನು ದೊರೆತದ್ದು 1961ರ ಕರ್ನಾಟಕ ನಗರ ಮತ್ತು ಗ್ರಾಮಾಂತರ ಯೋಜನಾ ಅಧಿನಿಯಮದಿಂದ. ಈ ಅಧಿನಿಯಮವು ದಿನಾಂಕ 15-01-1965ರಿಂದ ಜಾರಿಗೆ ಬಂದಿತು.

ಪ್ರಸ್ತುತ ವಿಷಯಕ್ಕೆ ಸಂಬಂಧಿಸಿದ ಪ್ರಮುಖ ಕಾನೂನುಗಳು ಈ ಕೆಳಕಂಡಂತಿವೆ:

(ಅ) ಕರ್ನಾಟಕ ನಗರ ಮತ್ತು ಗ್ರಾಮಾಂತರ ಯೋಜನಾ ಅಧಿನಿಯಮ, 1961: ಮಹಾಯೋಜನೆ, ವಲಯ ನಿಯಮಗಳು, ಭೂ ಉಪಯೋಗ ಬದಲಾವಣೆ, ವಿನ್ಯಾಸ ನಕ್ಷೆ ಅನುಮೋದನೆ.

(ಆ) ಕರ್ನಾಟಕ ಭೂ ಕಂದಾಯ ಅಧಿನಿಯಮ, 1964: ಕೃಷಿ ಜಮೀನನ್ನು ಕೃಷಿಯೇತರ ಉದ್ದೇಶಕ್ಕೆ ಪರಿವರ್ತಿಸುವುದು (ಪ್ರಕರಣ 95).

(ಇ) ಕರ್ನಾಟಕ ನಗರಾಭಿವೃದ್ಧಿ ಪ್ರಾಧಿಕಾರಗಳ ಅಧಿನಿಯಮ, 1987: ಹಾಸನ ನಗರಾಭಿವೃದ್ಧಿ ಪ್ರಾಧಿಕಾರದಂತಹ ಸಂಸ್ಥೆಗಳ ರಚನೆ ಮತ್ತು ಬಡಾವಣೆಗಳ ನಿರ್ಮಾಣ.

(ಈ) ಕರ್ನಾಟಕ ಪುರಸಭೆಗಳ ಅಧಿನಿಯಮ, 1964 ಹಾಗೂ ಕರ್ನಾಟಕ ಗ್ರಾಮ ಸ್ವರಾಜ್ ಮತ್ತು ಪಂಚಾಯತ್ ರಾಜ್ ಅಧಿನಿಯಮ, 1993: ಕಟ್ಟಡ ಪರವಾನಗಿ, ಖಾತೆ ಮತ್ತು ತೆರಿಗೆ.

3. ಮಹಾಯೋಜನೆ ಎಂದರೇನು?

ಸರ್ಕಾರವು ಒಂದು ನಗರ ಹಾಗೂ ಅದರ ಸುತ್ತಲಿನ ಗ್ರಾಮಗಳನ್ನು ಸೇರಿಸಿ "ಸ್ಥಳೀಯ ಯೋಜನಾ ಪ್ರದೇಶ" ಎಂದು ಅಧಿಸೂಚನೆಯ ಮೂಲಕ ಘೋಷಿಸುತ್ತದೆ. ಆ ಪ್ರದೇಶಕ್ಕೆ ಒಂದು ಯೋಜನಾ ಪ್ರಾಧಿಕಾರವಿರುತ್ತದೆ. ನಗರಾಭಿವೃದ್ಧಿ ಪ್ರಾಧಿಕಾರವಿರುವ ಕಡೆ ಅದೇ ಯೋಜನಾ ಪ್ರಾಧಿಕಾರವಾಗಿ ಕಾರ್ಯ ನಿರ್ವಹಿಸುತ್ತದೆ. ಪ್ರಾಧಿಕಾರವು ಪ್ರದೇಶದ ಸಮೀಕ್ಷೆ ನಡೆಸಿ, ಮುಂದಿನ ವರ್ಷಗಳ ಜನಸಂಖ್ಯೆ, ರಸ್ತೆ, ನೀರು, ಶಾಲೆ, ಉದ್ಯಾನ, ಕೈಗಾರಿಕೆ ಮುಂತಾದ ಅಗತ್ಯಗಳನ್ನು ಅಂದಾಜಿಸಿ ಮಹಾಯೋಜನೆಯನ್ನು ಸಿದ್ಧಪಡಿಸುತ್ತದೆ. ಇದನ್ನೇ ಜನರು ರೂಢಿಯಲ್ಲಿ "ಮಾಸ್ಟರ್ ಪ್ಲಾನ್" ಎನ್ನುತ್ತಾರೆ. ಈ ಹಿಂದೆ ರೂಪುರೇಷಾ ಅಭಿವೃದ್ಧಿ ಯೋಜನೆ ಹಾಗೂ ಸಮಗ್ರ ಅಭಿವೃದ್ಧಿ ಯೋಜನೆ ಎಂಬ ಎರಡು ಹಂತಗಳಿದ್ದು, 2005ರಲ್ಲಿ ಜಾರಿಗೆ ಬಂದ ತಿದ್ದುಪಡಿಯಿಂದ ಮಹಾಯೋಜನೆ ಎಂಬ ಒಂದೇ ಹಂತ ಉಳಿದಿದೆ. ಹಳೆಯ ಕಡತಗಳಲ್ಲಿ ಹಿಂದಿನ ಹೆಸರುಗಳು ಕಂಡುಬಂದಲ್ಲಿ ಗೊಂದಲಕ್ಕೆ ಒಳಗಾಗಬೇಕಾಗಿಲ್ಲ.

ಮಹಾಯೋಜನೆಯ ಕರಡಿಗೆ ಸರ್ಕಾರದ ತಾತ್ಕಾಲಿಕ ಅನುಮೋದನೆ ದೊರೆತ ನಂತರ ಅದನ್ನು ಪ್ರಕಟಿಸಲಾಗುತ್ತದೆ. ಪ್ರಕಟಣೆಯಾದ 60 ದಿನಗಳೊಳಗೆ ಯಾವುದೇ ನಾಗರಿಕರು ಲಿಖಿತವಾಗಿ ಆಕ್ಷೇಪಣೆ ಅಥವಾ ಸಲಹೆಯನ್ನು ಸಲ್ಲಿಸಬಹುದು. ಅವುಗಳನ್ನು ಪರಿಶೀಲಿಸಿದ ತರುವಾಯವೇ ಯೋಜನೆಯು ಅಂತಿಮಗೊಳ್ಳುತ್ತದೆ. ಅಂತಿಮಗೊಂಡ ಯೋಜನೆಯನ್ನು ಕನಿಷ್ಠ 10 ವರ್ಷಗಳಿಗೊಮ್ಮೆ ಹೊಸ ಸಮೀಕ್ಷೆ ನಡೆಸಿ ಪರಿಷ್ಕರಿಸಬೇಕೆಂದು ಅಧಿನಿಯಮದಲ್ಲಿ ಹೇಳಲಾಗಿದೆ.

ಈ 60 ದಿನಗಳ ಅವಧಿಯ ಮಹತ್ವವನ್ನು ಸಾರ್ವಜನಿಕರು ಗಮನಿಸಬೇಕು. ತಮ್ಮ ಜಮೀನಿನ ಮೇಲೆ ರಸ್ತೆ, ಉದ್ಯಾನ ಅಥವಾ ಬೇರೆ ವಲಯವನ್ನು ತೋರಿಸಲಾಗಿದ್ದಲ್ಲಿ ಅದನ್ನು ಪ್ರಶ್ನಿಸಲು ಅತ್ಯಂತ ಸುಲಭವಾದ, ಖರ್ಚಿಲ್ಲದ ಸಮಯ ಇದೇ ಆಗಿರುತ್ತದೆ. ಒಂದು ಅರ್ಜಿ, ಪಹಣಿ ಮತ್ತು ನಕ್ಷೆಯ ಪ್ರತಿ ಇಷ್ಟೇ ಸಾಕಾಗುತ್ತದೆ. ಯೋಜನೆ ಅಂತಿಮವಾದ ಮೇಲೆ ಅದೇ ಬದಲಾವಣೆಗಾಗಿ ಪ್ರತ್ಯೇಕ ಅರ್ಜಿ, ಪತ್ರಿಕಾ ಪ್ರಕಟಣೆ, ಸರ್ಕಾರದ ಅನುಮೋದನೆ ಹಾಗೂ ಶುಲ್ಕ ಎಲ್ಲವೂ ಬೇಕಾಗುತ್ತವೆ.

4. ವಲಯಗಳ ವಿಧಗಳು

ಮಹಾಯೋಜನೆಯ ನಕ್ಷೆಯಲ್ಲಿ ಪ್ರತಿ ವಲಯವನ್ನು ಒಂದೊಂದು ಬಣ್ಣದಲ್ಲಿ ತೋರಿಸಲಾಗುತ್ತದೆ. ಸಾಮಾನ್ಯವಾಗಿ ವಸತಿ ವಲಯಕ್ಕೆ ಹಳದಿ, ವಾಣಿಜ್ಯಕ್ಕೆ ನೀಲಿ, ಕೈಗಾರಿಕೆಗೆ ನೇರಳೆ, ಸಾರ್ವಜನಿಕ ಹಾಗೂ ಅರೆ-ಸಾರ್ವಜನಿಕ ಉಪಯೋಗಕ್ಕೆ ಕೆಂಪು, ಉದ್ಯಾನ ಹಾಗೂ ಬಯಲು ಜಾಗಕ್ಕೆ ಹಸಿರು ಬಣ್ಣಗಳನ್ನು ಬಳಸಲಾಗುತ್ತದೆ. ಇವಲ್ಲದೆ ಸಾರಿಗೆ ಮತ್ತು ಸಂಪರ್ಕ, ಸಾರ್ವಜನಿಕ ಉಪಯುಕ್ತತೆಗಳು, ಜಲಮೂಲಗಳು ಹಾಗೂ ಕೃಷಿ ವಲಯ ಎಂಬ ವಿಂಗಡಣೆಗಳಿರುತ್ತವೆ. ಆಯಾ ನಕ್ಷೆಯ ಮೂಲೆಯಲ್ಲಿ ಕೊಟ್ಟಿರುವ ಸೂಚಿಯನ್ನು ಓದಿಯೇ ಬಣ್ಣದ ಅರ್ಥವನ್ನು ನಿರ್ಧರಿಸತಕ್ಕದ್ದು.

ನಕ್ಷೆಯ ಜೊತೆಗೆ ವಲಯ ನಿಯಮಗಳ ಪುಸ್ತಕವೂ ಇರುತ್ತದೆ. ಇದರಲ್ಲಿ ಪ್ರತಿ ವಲಯಕ್ಕೂ ಎರಡು ಪಟ್ಟಿಗಳಿರುತ್ತವೆ. ಮೊದಲನೆಯದು ನೇರವಾಗಿ ಅನುಮತಿಸಬಹುದಾದ ಉಪಯೋಗಗಳು. ಎರಡನೆಯದು ವಿಶೇಷ ಸಂದರ್ಭಗಳಲ್ಲಿ ಪ್ರಾಧಿಕಾರವು ಅನುಮತಿಸಬಹುದಾದ ಉಪಯೋಗಗಳು. ಅರ್ಜಿದಾರರು ಈ ಎರಡನೆಯ ಪಟ್ಟಿಯನ್ನು ತಪ್ಪದೆ ನೋಡಬೇಕು. ತಮಗೆ ಬೇಕಾದ ಉಪಯೋಗವು ಆ ಪಟ್ಟಿಯಲ್ಲಿಯೇ ಇದ್ದಲ್ಲಿ ವಲಯವನ್ನು ಬದಲಾಯಿಸುವ ದೀರ್ಘ ಪ್ರಕ್ರಿಯೆಯ ಅಗತ್ಯವೇ ಬೀಳುವುದಿಲ್ಲ. ಪ್ರಾಧಿಕಾರದ ವಿಶೇಷ ಅನುಮತಿ ಸಾಕಾಗುತ್ತದೆ.

ಕೃಷಿ ವಲಯವೆಂದರೆ ಉಳಿದ ಜಾಗ ಎಂದು ಭಾವಿಸುವುದು ತಪ್ಪು. ಗೊರೂರಿನ ಹೇಮಾವತಿ ಜಲಾಶಯದ ನಾಲೆಗಳಿಂದ ನೀರು ಪಡೆಯುವ ಗದ್ದೆಗಳು, ಹಾಸನ ಸುತ್ತಲಿನ ಆಲೂಗಡ್ಡೆ ಬೆಳೆಯುವ ಹೊಲಗಳು, ಚನ್ನರಾಯಪಟ್ಟಣದ ತೆಂಗಿನ ತೋಟಗಳು, ಅರಕಲಗೂಡಿನ ಹೊಗೆಸೊಪ್ಪಿನ ಹೊಲಗಳು ಅನೇಕ ಕುಟುಂಬಗಳ ಜೀವನಾಧಾರವಾಗಿವೆ. ಒಮ್ಮೆ ಕಾಂಕ್ರೀಟು ಬಿದ್ದ ಗದ್ದೆಯನ್ನು ಮತ್ತೆ ಗದ್ದೆಯನ್ನಾಗಿ ಮಾಡುವುದು ಪ್ರಾಯೋಗಿಕವಾಗಿ ಅಸಾಧ್ಯ. ಕೃಷಿ ವಲಯವು ಈ ಕಾರಣದಿಂದಲೇ ಮಹಾಯೋಜನೆಯಲ್ಲಿ ಸ್ಥಾನ ಪಡೆದಿದೆ.

5. ನಾಲ್ಕು ಬೇರೆ ಬೇರೆ ಅನುಮತಿಗಳು

ಸಾರ್ವಜನಿಕರಲ್ಲಿನ ಗೊಂದಲದ ಮೂಲವು ಈ ನಾಲ್ಕು ಅನುಮತಿಗಳನ್ನು ಒಂದೇ ಎಂದು ತಿಳಿಯುವುದರಲ್ಲಿದೆ. ಅವುಗಳನ್ನು ಕೆಳಗೆ ಪ್ರತ್ಯೇಕವಾಗಿ ವಿವರಿಸಲಾಗಿದೆ.

(1) ಭೂ ಉಪಯೋಗ ಬದಲಾವಣೆ: ಮಹಾಯೋಜನೆಯಲ್ಲಿ ನಿಗದಿಯಾದ ವಲಯವನ್ನು ಒಂದು ನಿರ್ದಿಷ್ಟ ಜಮೀನಿನ ಮಟ್ಟಿಗೆ ಬದಲಾಯಿಸುವುದು. 1961ರ ಅಧಿನಿಯಮದ ಪ್ರಕರಣ 14-ಎ ಅನ್ವಯ ಯೋಜನಾ ಪ್ರಾಧಿಕಾರವು ಸರ್ಕಾರದ ಪೂರ್ವಾನುಮೋದನೆಯೊಂದಿಗೆ ಇದನ್ನು ನೀಡುತ್ತದೆ.

(2) ಭೂ ಪರಿವರ್ತನೆ: ಕೃಷಿ ಕಂದಾಯಕ್ಕೆ ಒಳಪಟ್ಟ ಜಮೀನನ್ನು ಕೃಷಿಯೇತರ ಉದ್ದೇಶಕ್ಕೆ ಬಳಸಲು ಜಿಲ್ಲಾಧಿಕಾರಿಗಳು ನೀಡುವ ಆದೇಶ. ಇದನ್ನೇ ಜನರು ಅನ್ಯಕ್ರಾಂತ ಎಂದು ಕರೆಯುತ್ತಾರೆ. ಇದಕ್ಕೆ ಭೂ ಕಂದಾಯ ಅಧಿನಿಯಮದ ಪ್ರಕರಣ 95 ಆಧಾರ.

(3) ವಿನ್ಯಾಸ ನಕ್ಷೆ ಅನುಮೋದನೆ: ಜಮೀನನ್ನು ನಿವೇಶನಗಳಾಗಿ ವಿಂಗಡಿಸಿ, ರಸ್ತೆ, ಉದ್ಯಾನ, ನಾಗರಿಕ ಸೌಲಭ್ಯಗಳಿಗೆ ಜಾಗ ಬಿಡುವ ನಕ್ಷೆಗೆ 1961ರ ಅಧಿನಿಯಮದ ಪ್ರಕರಣ 17ರ ಅನ್ವಯ ದೊರೆಯುವ ಮಂಜೂರಾತಿ.

(4) ಕಟ್ಟಡ ಪರವಾನಗಿ: ನಿರ್ದಿಷ್ಟ ನಿವೇಶನದಲ್ಲಿ ನಿರ್ದಿಷ್ಟ ಕಟ್ಟಡ ಕಟ್ಟಲು ನಗರ ಸ್ಥಳೀಯ ಸಂಸ್ಥೆ ಅಥವಾ ಗ್ರಾಮ ಪಂಚಾಯಿತಿ ನೀಡುವ ಪರವಾನಗಿ.

ಒಂದು ಅನುಮತಿಯು ಇನ್ನೊಂದಕ್ಕೆ ಬದಲಿಯಾಗುವುದಿಲ್ಲ. ಅನ್ಯಕ್ರಾಂತ ಆದೇಶವಿದ್ದರೂ ವಿನ್ಯಾಸ ನಕ್ಷೆ ಇಲ್ಲದಿದ್ದಲ್ಲಿ ಅಲ್ಲಿರುವುದು ಕೃಷಿಯೇತರ ಜಮೀನೇ ಹೊರತು ನಿವೇಶನಗಳಲ್ಲ. ವಿನ್ಯಾಸ ನಕ್ಷೆ ಇದ್ದರೂ ಕಟ್ಟಡ ಪರವಾನಗಿ ಇಲ್ಲದೆ ತಳಪಾಯ ಹಾಕುವಂತಿಲ್ಲ. ವಲಯವು ಅನುಕೂಲವಾಗಿದ್ದಲ್ಲಿ ಮೊದಲನೆಯ ಅನುಮತಿಯ ಅವಶ್ಯಕತೆ ಬೀಳುವುದಿಲ್ಲ. ಮಹಾಯೋಜನೆಗೆ ಅನುಗುಣವಾದ ಉದ್ದೇಶವಿದ್ದಲ್ಲಿ ಭೂ ಪರಿವರ್ತನೆಯನ್ನು ಸರಳಗೊಳಿಸಲು ಕಂದಾಯ ಕಾನೂನಿಗೆ ತಿದ್ದುಪಡಿಗಳನ್ನೂ ತರಲಾಗಿದೆ. ಆದುದರಿಂದ ಅರ್ಜಿ ಸಲ್ಲಿಸುವ ದಿನದಂದು ಜಾರಿಯಲ್ಲಿರುವ ನಿಯಮವನ್ನು ಕಛೇರಿಯಲ್ಲಿ ಕೇಳಿ ತಿಳಿಯುವುದು ಸೂಕ್ತ.

6. ಮೊದಲು ಕೇಳಿಕೊಳ್ಳಬೇಕಾದ ಪ್ರಶ್ನೆ: ಹರದನಹಳ್ಳಿಯ ಒಂದು ಉದಾಹರಣೆ

ಹೊಳೆನರಸೀಪುರ ತಾಲ್ಲೂಕಿನ ಹರದನಹಳ್ಳಿಯು ಮಾಜಿ ಪ್ರಧಾನಿ ಶ್ರೀ ಹೆಚ್.ಡಿ. ದೇವೇಗೌಡರ ಹುಟ್ಟೂರಾಗಿ ನಾಡಿಗೆ ಪರಿಚಿತವಾದ ಗ್ರಾಮ. ಅಲ್ಲಿನ ರೈತರೊಬ್ಬರು ತಮ್ಮ ಜಮೀನಿನ 20 ಗುಂಟೆ ಜಾಗದಲ್ಲಿ ಅಕ್ಕಿ ಗಿರಣಿ ಸ್ಥಾಪಿಸಲು ಬಯಸಿದ್ದಾರೆ ಎಂದು ಭಾವಿಸೋಣ. (ಇದು ವಿವರಣೆಗಾಗಿ ಕಲ್ಪಿಸಿದ ಉದಾಹರಣೆ ಮಾತ್ರ.) ಅವರು ಮೊದಲು ಕೇಳಿಕೊಳ್ಳಬೇಕಾದ ಪ್ರಶ್ನೆ: ತಮ್ಮ ಸರ್ವೆ ನಂಬರು ಯಾವುದಾದರೂ ಸ್ಥಳೀಯ ಯೋಜನಾ ಪ್ರದೇಶದೊಳಗೆ ಬರುತ್ತದೆಯೇ? ಉತ್ತರಕ್ಕೆ ಅನುಗುಣವಾಗಿ ಮುಂದಿನ ದಾರಿ ಬೇರೆಯಾಗುತ್ತದೆ.

ಸಂದರ್ಭ ಒಂದು: ಸರ್ವೆ ನಂಬರು ಯೋಜನಾ ಪ್ರದೇಶದ ಹೊರಗಿದೆ. ಇಲ್ಲಿ ಮಹಾಯೋಜನೆಯೇ ಇಲ್ಲದಿರುವುದರಿಂದ ವಲಯ ಬದಲಾವಣೆಯ ಪ್ರಶ್ನೆ ಉದ್ಭವಿಸುವುದಿಲ್ಲ. ಭೂ ಪರಿವರ್ತನೆಗೆ ಜಿಲ್ಲಾಧಿಕಾರಿಗಳಿಗೆ ಅರ್ಜಿ ಸಲ್ಲಿಸಿ, ನಂತರ ಗ್ರಾಮ ಪಂಚಾಯಿತಿಯಿಂದ ಪರವಾನಗಿ ಪಡೆಯಬೇಕಾಗುತ್ತದೆ.

ಸಂದರ್ಭ ಎರಡು: ಯೋಜನಾ ಪ್ರದೇಶದೊಳಗಿದ್ದು, ಕೈಗಾರಿಕಾ ವಲಯದಲ್ಲಿದೆ. ಉದ್ದೇಶವು ವಲಯಕ್ಕೆ ಅನುಗುಣವಾಗಿರುವುದರಿಂದ ಭೂ ಉಪಯೋಗ ಬದಲಾವಣೆ ಬೇಕಾಗುವುದಿಲ್ಲ. ಕಂದಾಯ ನಿಯಮಗಳ ಪ್ರಕಾರ ಪರಿವರ್ತನೆ, ನಂತರ ಪ್ರಾಧಿಕಾರದ ಅಭಿವೃದ್ಧಿ ಅನುಮತಿ ಹಾಗೂ ಕಟ್ಟಡ ಪರವಾನಗಿ ಸಾಕಾಗುತ್ತವೆ.

ಸಂದರ್ಭ ಮೂರು: ಯೋಜನಾ ಪ್ರದೇಶದೊಳಗಿದ್ದು, ಕೃಷಿ ವಲಯದಲ್ಲಿದೆ. ಈಗ ವಲಯ ನಿಯಮಗಳ ಎರಡೂ ಪಟ್ಟಿಗಳನ್ನು ಪರಿಶೀಲಿಸಬೇಕು. ಕೃಷಿ ಉತ್ಪನ್ನಗಳ ಸಂಸ್ಕರಣೆಗೆ ಅವಕಾಶವಿದ್ದಲ್ಲಿ ಆ ಪ್ರಕಾರ ಅನುಮತಿ ಕೋರಬಹುದು. ಇಲ್ಲವಾದಲ್ಲಿ ಮಾತ್ರ ಪ್ರಕರಣ 14-ಎ ಅಡಿಯಲ್ಲಿ ಅರ್ಜಿ ಸಲ್ಲಿಸಬೇಕಾಗುತ್ತದೆ.

ಗ್ರಾಮಠಾಣಾ ವ್ಯಾಪ್ತಿಯೊಳಗಿನ ಮನೆ ಜಾಗವು ಕೃಷಿ ಕಂದಾಯಕ್ಕೆ ಒಳಪಟ್ಟಿರುವುದಿಲ್ಲವಾದ್ದರಿಂದ ಅದಕ್ಕೆ ಭೂ ಪರಿವರ್ತನೆಯ ಅಗತ್ಯವಿರುವುದಿಲ್ಲ. ಆದರೆ ಗ್ರಾಮಠಾಣಾ ಎಲ್ಲಿ ಮುಗಿಯುತ್ತದೆ, ಸರ್ವೆ ನಂಬರು ಎಲ್ಲಿ ಆರಂಭವಾಗುತ್ತದೆ ಎಂಬುದನ್ನು ಊರಿನವರ ಮಾತಿನ ಮೇಲೆ ನಿರ್ಧರಿಸದೆ, ಗ್ರಾಮ ನಕ್ಷೆ ಹಾಗೂ ಭೂಮಾಪನ ಇಲಾಖೆಯ ದಾಖಲೆಯ ಮೂಲಕ ಖಚಿತಪಡಿಸಿಕೊಳ್ಳತಕ್ಕದ್ದು. ನಿಂತ ಜಾಗದ ಸರ್ವೆ ನಂಬರನ್ನು ತಿಳಿಯಲು "ದಿಶಾಂಕ್" ಮೊಬೈಲ್ ತಂತ್ರಾಂಶವನ್ನು ಪ್ರಾಥಮಿಕ ಮಾಹಿತಿಗಾಗಿ ಬಳಸಬಹುದು. ಗಡಿ ನಿರ್ಣಯಕ್ಕೆ ಮಾತ್ರ ಹದ್ದುಬಸ್ತು ಅಳತೆಯೇ ಆಧಾರ.

7. ಪ್ರಕರಣ 14-ಎ ಅಡಿಯಲ್ಲಿ ಭೂ ಉಪಯೋಗ ಬದಲಾವಣೆಯ ವಿಧಾನ

ಈ ಅವಕಾಶವನ್ನು 1991ರ ತಿದ್ದುಪಡಿಯ ಮೂಲಕ ಅಧಿನಿಯಮಕ್ಕೆ ಸೇರಿಸಲಾಯಿತು. ನಕ್ಷೆಯಲ್ಲಿನ ಭೌಗೋಳಿಕ ಅಥವಾ ನಕ್ಷಾ ದೋಷಗಳು, ಯೋಜನೆಯಲ್ಲಿ ವಿವರಗಳನ್ನು ಪೂರ್ಣವಾಗಿ ತೋರಿಸದಿರುವುದು, ಯೋಜನೆಯ ಅನುಷ್ಠಾನದಿಂದ ಉದ್ಭವಿಸಿದ ಬದಲಾವಣೆಗಳು ಅಥವಾ ಆಯಾ ಕಾಲದ ಪರಿಸ್ಥಿತಿ ಇವು ಬದಲಾವಣೆಗೆ ಕಾನೂನು ಒಪ್ಪುವ ಕಾರಣಗಳು. ಇವುಗಳ ಜೊತೆಗೆ ಮೂರು ಷರತ್ತುಗಳನ್ನು ವಿಧಿಸಲಾಗಿದೆ:

(ಅ) ಬದಲಾವಣೆಯು ಸಾರ್ವಜನಿಕ ಹಿತಾಸಕ್ತಿಯಿಂದ ಕೂಡಿರಬೇಕು.
(ಆ) ಬದಲಾವಣೆಯು ಈ ಅಧಿನಿಯಮಕ್ಕಾಗಲಿ, ಯೋಜನಾ ಪ್ರದೇಶದ ಭೂ ಬಳಕೆಗೆ ಸಂಬಂಧಿಸಿದ ಇತರ ಕಾನೂನಿಗಾಗಲಿ ವಿರುದ್ಧವಾಗಿರಬಾರದು.
(ಇ) ಪ್ರಸ್ತಾವನೆಯನ್ನು ಆ ಪ್ರದೇಶದಲ್ಲಿ ಪ್ರಸಾರವಿರುವ ಒಂದು ಅಥವಾ ಹೆಚ್ಚು ದಿನಪತ್ರಿಕೆಗಳಲ್ಲಿ ಪ್ರಕಟಿಸಿ ಆಕ್ಷೇಪಣೆಗಳನ್ನು ಆಹ್ವಾನಿಸಿರಬೇಕು.

ಮಾಲೀಕರಿಗೆ ಹೆಚ್ಚಿನ ಆದಾಯ ಬರುತ್ತದೆ ಎಂಬುದಷ್ಟೇ ಸಾರ್ವಜನಿಕ ಹಿತಾಸಕ್ತಿಯಾಗುವುದಿಲ್ಲ. ಅರ್ಜಿದಾರರು ತಮ್ಮ ಕೋರಿಕೆಯಿಂದ ಆ ಪ್ರದೇಶಕ್ಕೆ ಆಗುವ ಅನುಕೂಲವೇನು, ರಸ್ತೆಯ ಅಗಲ ಎಷ್ಟಿದೆ, ಅಕ್ಕಪಕ್ಕದಲ್ಲಿ ಈಗಾಗಲೇ ಯಾವ ಉಪಯೋಗವಿದೆ, ನೀರು ಮತ್ತು ಒಳಚರಂಡಿಯ ವ್ಯವಸ್ಥೆ ಹೇಗೆ ಎಂಬುದನ್ನು ಅರ್ಜಿಯಲ್ಲಿ ಸ್ಪಷ್ಟವಾಗಿ ವಿವರಿಸುವುದು ಸೂಕ್ತ.

ಅರ್ಜಿಯು ಸಾಮಾನ್ಯವಾಗಿ ಸಾಗುವ ಹಂತಗಳು:

ಹಂತ 1: ಯೋಜನಾ ಪ್ರಾಧಿಕಾರಕ್ಕೆ ದಾಖಲೆಗಳೊಂದಿಗೆ ಅರ್ಜಿ ಸಲ್ಲಿಸಿ ಸ್ವೀಕೃತಿ ಪಡೆಯುವುದು.
ಹಂತ 2: ದಾಖಲೆಗಳ ಪರಿಶೀಲನೆ ಹಾಗೂ ಸ್ಥಳ ತನಿಖೆ.
ಹಂತ 3: ದಿನಪತ್ರಿಕೆಯಲ್ಲಿ ಪ್ರಕಟಣೆ, ಆಕ್ಷೇಪಣೆಗಳ ಸ್ವೀಕಾರ.
ಹಂತ 4: ಪ್ರಾಧಿಕಾರದ ಸಭೆಯಲ್ಲಿ ವಿಷಯ ಮಂಡನೆ ಮತ್ತು ನಿರ್ಣಯ.
ಹಂತ 5: ನಗರ ಮತ್ತು ಗ್ರಾಮಾಂತರ ಯೋಜನಾ ಇಲಾಖೆಯ ತಾಂತ್ರಿಕ ಅಭಿಪ್ರಾಯ ಹಾಗೂ ನಗರಾಭಿವೃದ್ಧಿ ಇಲಾಖೆಯ ಮಟ್ಟದಲ್ಲಿ ಸರ್ಕಾರದ ಅನುಮೋದನೆ.
ಹಂತ 6: ನಿಗದಿತ ಶುಲ್ಕ ಪಾವತಿ ಹಾಗೂ ಪ್ರಾಧಿಕಾರದ ಆದೇಶ.

ಉಪಯೋಗ ಬದಲಾವಣೆಯಿಂದ ಜಮೀನಿನ ಮೌಲ್ಯ ಹೆಚ್ಚುವುದರಿಂದ ಶುಲ್ಕವನ್ನು ವಿಧಿಸಲು ಪ್ರಕರಣ 18ರಲ್ಲಿ ಅವಕಾಶವಿದೆ. ಶುಲ್ಕವನ್ನು ಅಧಿಕೃತ ಚಲನ್ ಮುಖಾಂತರ ಮಾತ್ರ ಪಾವತಿಸಿ ರಸೀದಿಯನ್ನು ಕಾಯ್ದಿರಿಸಿಕೊಳ್ಳತಕ್ಕದ್ದು. ಯಾವುದೇ ಮಧ್ಯವರ್ತಿಗಳಿಗೆ ಹಣ ನೀಡಬಾರದು.

ಒಂದು ವಿನಾಯಿತಿಯನ್ನು ಇಲ್ಲಿ ಗಮನಿಸಬಹುದು. ವಾಣಿಜ್ಯ ಅಥವಾ ಕೈಗಾರಿಕಾ ಉಪಯೋಗದಿಂದ ವಸತಿಗೆ, ಅಥವಾ ಕೈಗಾರಿಕಾ ಉಪಯೋಗದಿಂದ ವಾಣಿಜ್ಯಕ್ಕೆ ಬದಲಾಯಿಸುವ ಸಂದರ್ಭದಲ್ಲಿ, ನಿಗದಿತ ಶುಲ್ಕ ಪಾವತಿಸಿ ಪ್ರಾಧಿಕಾರಕ್ಕೆ ಮುಂಚಿತವಾಗಿ ತಿಳಿಸಿದ್ದಲ್ಲಿ ಅನುಮತಿ ನೀಡಲಾಗಿದೆ ಎಂದೇ ಪರಿಗಣಿಸಲಾಗುತ್ತದೆ. ಕೃಷಿ ವಲಯದಿಂದ ಅಥವಾ ಉದ್ಯಾನ ವಲಯದಿಂದ ಬದಲಾಯಿಸಲು ಈ ವಿನಾಯಿತಿ ಅನ್ವಯಿಸುವುದಿಲ್ಲ.

8. ಅರ್ಜಿಯೊಂದಿಗೆ ಸಾಮಾನ್ಯವಾಗಿ ಲಗತ್ತಿಸಬೇಕಾದ ದಾಖಲೆಗಳು

1. ಚಾಲ್ತಿ ಸಾಲಿನ ಪಹಣಿ ಹಾಗೂ ಹಕ್ಕು ಬದಲಾವಣೆಯ ದಾಖಲೆ.
2. ಕ್ರಯಪತ್ರ, ವಿಭಾಗಪತ್ರ ಅಥವಾ ಮಾಲೀಕತ್ವದ ಇತರ ನೋಂದಾಯಿತ ದಾಖಲೆ.
3. ಋಣಭಾರ ಪ್ರಮಾಣ ಪತ್ರ.
4. ಭೂಮಾಪನ ಇಲಾಖೆಯ ಸರ್ವೆ ನಕ್ಷೆ. ಸರ್ವೆ ನಂಬರಿನ ಭಾಗ ಮಾತ್ರವಾದಲ್ಲಿ 11-ಇ ನಕ್ಷೆ.
5. ಗ್ರಾಮ ನಕ್ಷೆಯಲ್ಲಿ ಜಮೀನನ್ನು ಗುರುತಿಸಿದ ಪ್ರತಿ.
6. ಮಹಾಯೋಜನೆಯ ನಕ್ಷೆಯಲ್ಲಿ ಜಮೀನನ್ನು ಗುರುತಿಸಿದ ಪ್ರತಿ.
7. ಸಂಪರ್ಕ ರಸ್ತೆಯ ವಿವರ ಹಾಗೂ ಸುತ್ತಲಿನ ಭೂ ಉಪಯೋಗದ ನಕ್ಷೆ.
8. ಜಂಟಿ ಮಾಲೀಕರಿದ್ದಲ್ಲಿ ಎಲ್ಲರ ಸಹಿ ಅಥವಾ ನೋಂದಾಯಿತ ಅಧಿಕಾರ ಪತ್ರ.

ಪಹಣಿಯ ವಿಸ್ತೀರ್ಣ, ಕ್ರಯಪತ್ರದ ವಿಸ್ತೀರ್ಣ ಮತ್ತು ನಕ್ಷೆಯ ವಿಸ್ತೀರ್ಣ ಮೂರೂ ತಾಳೆಯಾಗುತ್ತಿವೆಯೇ ಎಂದು ಅರ್ಜಿ ಸಲ್ಲಿಸುವ ಮೊದಲೇ ನೋಡಿಕೊಳ್ಳಬೇಕು. ಪೋಡಿಯಾಗದ ಜಮೀನು, ಮರಣ ಹೊಂದಿದವರ ಹೆಸರಿನಲ್ಲಿಯೇ ಉಳಿದ ಖಾತೆ, ಬ್ಯಾಂಕಿನ ಸಾಲ ತೀರಿದರೂ ಪಹಣಿಯಲ್ಲಿ ಉಳಿದ ಋಣದ ನಮೂದು ಇವುಗಳಿಂದ ಕಡತವು ಹಿಂದಿರುಗುವ ಸಾಧ್ಯತೆ ಹೆಚ್ಚು.

9. ಅನುಮತಿ ದೊರೆಯಲು ಅಡ್ಡಿಯಾಗುವ ಸಂದರ್ಭಗಳು

(ಅ) ಕೆರೆ, ಹಳ್ಳ, ರಾಜಕಾಲುವೆ ಹಾಗೂ ನಾಲೆಗಳ ಅಂಚು: ವಲಯ ನಿಯಮಗಳಲ್ಲಿ ನಿಗದಿಪಡಿಸಿದ ಅಂತರದೊಳಗೆ ನಿರ್ಮಾಣಕ್ಕೆ ಅವಕಾಶವಿರುವುದಿಲ್ಲ.

(ಆ) 'ಬಿ' ಖರಾಬು: ಪಹಣಿಯಲ್ಲಿ 'ಬಿ' ಖರಾಬು ಎಂದು ತೋರಿಸಿದ ಭಾಗವು ದಾರಿ, ಹಳ್ಳ ಮುಂತಾದ ಸಾರ್ವಜನಿಕ ಉಪಯೋಗಕ್ಕೆ ಸೇರಿದ್ದಾಗಿರುತ್ತದೆ. ಅದನ್ನು ಖಾಸಗಿ ವಿಸ್ತೀರ್ಣದಲ್ಲಿ ಸೇರಿಸುವಂತಿಲ್ಲ.

(ಇ) ಮಂಜೂರಾದ ಜಮೀನುಗಳು: ಪರಿಶಿಷ್ಟ ಜಾತಿ ಮತ್ತು ಪರಿಶಿಷ್ಟ ಪಂಗಡದವರಿಗೆ ಮಂಜೂರಾದ ಜಮೀನುಗಳ ಪರಭಾರೆಗೆ 1978ರ ಅಧಿನಿಯಮದ ಪ್ರಕಾರ ಸರ್ಕಾರದ ಪೂರ್ವಾನುಮತಿ ಕಡ್ಡಾಯ. ಅದಿಲ್ಲದೆ ಖರೀದಿಸಿದವರ ಹಕ್ಕು ಊರ್ಜಿತವಾಗುವುದಿಲ್ಲ.

(ಈ) ಸಂರಕ್ಷಿತ ಸ್ಮಾರಕಗಳ ಸುತ್ತ: ಕೇಂದ್ರ ಸಂರಕ್ಷಿತ ಸ್ಮಾರಕದ ಸುತ್ತ 100 ಮೀಟರ್ ನಿಷೇಧಿತ ಪ್ರದೇಶ, ಅದರಾಚೆ 200 ಮೀಟರ್ ನಿಯಂತ್ರಿತ ಪ್ರದೇಶವೆಂದು 2010ರ ತಿದ್ದುಪಡಿಯಲ್ಲಿ ಹೇಳಲಾಗಿದೆ. ದೊಡ್ಡಗದ್ದವಳ್ಳಿ, ಮೊಸಳೆ, ಶ್ರವಣಬೆಳಗೊಳದಂತಹ ಸ್ಥಳಗಳಲ್ಲಿ ಜಮೀನು ಹೊಂದಿರುವವರು ಇದನ್ನು ಮೊದಲೇ ಪರಿಶೀಲಿಸಬೇಕು. ಹೊಯ್ಸಳರ ಬೇಲೂರು ಮತ್ತು ಹಳೇಬೀಡಿನ ದೇವಾಲಯಗಳು 2023ರಲ್ಲಿ ವಿಶ್ವ ಪರಂಪರೆಯ ಪಟ್ಟಿಗೆ ಸೇರಿರುವುದರಿಂದ ಅಲ್ಲಿ ಇನ್ನೂ ಹೆಚ್ಚಿನ ಎಚ್ಚರಿಕೆ ಅವಶ್ಯಕ.

(ಉ) ಹೆದ್ದಾರಿಯ ಅಂಚು: ಬೆಂಗಳೂರು–ಮಂಗಳೂರು ರಾಷ್ಟ್ರೀಯ ಹೆದ್ದಾರಿ 75 ಚನ್ನರಾಯಪಟ್ಟಣ ಹಾಗೂ ಹಾಸನದ ಮೂಲಕ ಹಾದುಹೋಗುತ್ತದೆ. ರಸ್ತೆ ಬದಿಯ ಜಮೀನುಗಳಲ್ಲಿ ಕಟ್ಟಡ ರೇಖೆ ಹಾಗೂ ಪ್ರವೇಶದ ಅನುಮತಿ ಕುರಿತು ಹೆದ್ದಾರಿ ಪ್ರಾಧಿಕಾರದ ನಿಯಮಗಳೂ ಅನ್ವಯಿಸುತ್ತವೆ.

10. ಆಕ್ಷೇಪಣೆ ಸಲ್ಲಿಸುವ ಹಕ್ಕು

ಪಕ್ಕದ ಜಮೀನಿನ ಭೂ ಉಪಯೋಗ ಬದಲಾದಲ್ಲಿ ಅದರ ಪರಿಣಾಮವನ್ನು ಅನುಭವಿಸುವವರು ನೆರೆಯವರೇ ಆಗಿರುತ್ತಾರೆ. ಆದುದರಿಂದ ಪತ್ರಿಕಾ ಪ್ರಕಟಣೆಯು ಕೇವಲ ಔಪಚಾರಿಕ ಕ್ರಮವಲ್ಲ. ಪ್ರಕಟಣೆಯಲ್ಲಿ ತಿಳಿಸಿದ ಅವಧಿಯೊಳಗೆ ಯಾರು ಬೇಕಾದರೂ ಲಿಖಿತ ಆಕ್ಷೇಪಣೆ ಸಲ್ಲಿಸಬಹುದು. ಇದಕ್ಕೆ ವಕೀಲರ ಅಗತ್ಯವಿಲ್ಲ. ಸರ್ವೆ ನಂಬರು, ಪ್ರಕಟಣೆಯ ದಿನಾಂಕ, ತೊಂದರೆಯ ವಿವರ ಹಾಗೂ ಸಾಧ್ಯವಾದಲ್ಲಿ ಛಾಯಾಚಿತ್ರವನ್ನು ಲಗತ್ತಿಸಿ ಸ್ವೀಕೃತಿ ಪಡೆಯತಕ್ಕದ್ದು. "ನಮಗೆ ಇಷ್ಟವಿಲ್ಲ" ಎನ್ನುವುದಕ್ಕಿಂತ "ರಸ್ತೆಯ ಅಗಲ 20 ಅಡಿ ಮಾತ್ರ ಇದ್ದು ಲಾರಿಗಳು ಬಂದಲ್ಲಿ ಶಾಲಾ ಮಕ್ಕಳಿಗೆ ಅಪಾಯ" ಎಂಬಂತಹ ನಿರ್ದಿಷ್ಟ ಆಕ್ಷೇಪಣೆಗೆ ಹೆಚ್ಚಿನ ತೂಕವಿರುತ್ತದೆ.

ನಾಗರಿಕರ ಈ ಹಕ್ಕನ್ನು ಸರ್ವೋಚ್ಚ ನ್ಯಾಯಾಲಯವು 1991ರ ಬೆಂಗಳೂರು ಮೆಡಿಕಲ್ ಟ್ರಸ್ಟ್ ಪ್ರಕರಣದಲ್ಲಿ ಎತ್ತಿ ಹಿಡಿದಿದೆ. ಬೆಂಗಳೂರಿನ ರಾಜಮಹಲ್ ವಿಲಾಸ್ ಬಡಾವಣೆಯಲ್ಲಿ ಉದ್ಯಾನಕ್ಕೆಂದು ಮೀಸಲಿಟ್ಟ ಬಯಲು ಜಾಗವನ್ನು ಖಾಸಗಿ ಆಸ್ಪತ್ರೆಯ ನಿರ್ಮಾಣಕ್ಕೆ ಹಂಚಿಕೆ ಮಾಡಿದ್ದನ್ನು ಅಲ್ಲಿನ ನಿವಾಸಿಗಳು ಪ್ರಶ್ನಿಸಿದರು. ಉದ್ಯಾನವು ಬಡಾವಣೆಯ ಜನರಿಗೆ ಸೇರಿದ ಸೌಲಭ್ಯವಾಗಿದ್ದು ಅದನ್ನು ಹಾಗೆ ಹಂಚಿಕೆ ಮಾಡುವುದು ಕಾನೂನುಬಾಹಿರವೆಂದೂ, ಅದನ್ನು ಪ್ರಶ್ನಿಸುವ ಹಕ್ಕು ನಿವಾಸಿಗಳಿಗೆ ಇದೆಯೆಂದೂ ನ್ಯಾಯಾಲಯವು ತೀರ್ಮಾನಿಸಿತು. ಆಸ್ಪತ್ರೆಯೂ ಜನರಿಗೆ ಬೇಕಾದ್ದೇ ಆಗಿದ್ದರೂ, ಉದ್ಯಾನದ ಜಾಗವನ್ನು ಅದಕ್ಕಾಗಿ ಕಳೆದುಕೊಳ್ಳಬೇಕಾಗಿಲ್ಲ ಎಂಬುದು ಈ ತೀರ್ಪಿನ ಸಾರ. ಹಾಸನದ ಯಾವುದೇ ಬಡಾವಣೆಯ ನಿವಾಸಿಗೂ ಇದು ಸಮಾನವಾಗಿ ಅನ್ವಯಿಸುತ್ತದೆ.

11. ನಿವೇಶನ ಖರೀದಿಸುವವರ ಗಮನಕ್ಕೆ

ಒಂದು ಎಕರೆಗೆ 40 ಗುಂಟೆ, ಒಂದು ಗುಂಟೆಗೆ 1,089 ಚದರ ಅಡಿ. ಎರಡು ಎಕರೆ ಜಮೀನಿನಲ್ಲಿ 87,120 ಚದರ ಅಡಿ ಜಾಗವಿರುತ್ತದೆ. ಒಂದಿಂಚನ್ನೂ ಬಿಡದೆ 30x40 ಅಳತೆಯ ನಿವೇಶನಗಳನ್ನಾಗಿ ವಿಂಗಡಿಸಿದರೆ 72 ನಿವೇಶನಗಳಾಗುತ್ತವೆ. ರಸ್ತೆ, ಉದ್ಯಾನ, ಚರಂಡಿ, ನಾಗರಿಕ ಸೌಲಭ್ಯಗಳಿಗೆ ಅರ್ಧ ಜಾಗ ಬಿಟ್ಟರೆ 36 ಮಾತ್ರ. ಅನುಮೋದನೆಯಿಲ್ಲದ "ರೆವಿನ್ಯೂ ಸೈಟು" ಅಗ್ಗವಾಗಿ ದೊರೆಯುವುದರ ಲೆಕ್ಕ ಇದೇ ಆಗಿದೆ. ಕಡಿಮೆಯಾದ ಬೆಲೆಯನ್ನು ಖರೀದಿದಾರರು ಮುಂದೆ ರಸ್ತೆಯಿಲ್ಲದೆ, ಚರಂಡಿಯಿಲ್ಲದೆ, ಮಕ್ಕಳಿಗೆ ಆಡಲು ಜಾಗವಿಲ್ಲದೆ ತೆರಬೇಕಾಗುತ್ತದೆ.

ಮುಂಗಡ ಹಣ ಕೊಡುವ ಮೊದಲು ಈ ಕೆಳಗಿನವುಗಳನ್ನು ಪರಿಶೀಲಿಸಿರಿ:

1. ಸರ್ವೆ ನಂಬರಿನ ವಲಯವನ್ನು ಯೋಜನಾ ಪ್ರಾಧಿಕಾರದಲ್ಲಿ ಲಿಖಿತವಾಗಿ ಕೇಳಿ ಪಡೆಯುವುದು.
2. ಭೂ ಪರಿವರ್ತನೆ ಆದೇಶದ ಉದ್ದೇಶ ಹಾಗೂ ಷರತ್ತುಗಳನ್ನು ಓದುವುದು. ಕೈಗಾರಿಕೆಗೆಂದು ಪರಿವರ್ತಿಸಿದ ಜಮೀನಿನಲ್ಲಿ ವಸತಿ ನಿವೇಶನ ಮಾರಾಟವಾಗುತ್ತಿದ್ದಲ್ಲಿ ಎಚ್ಚರ ವಹಿಸುವುದು.
3. ವಿನ್ಯಾಸ ನಕ್ಷೆಯ ಅನುಮೋದನೆ ಸಂಖ್ಯೆಯನ್ನು ಪ್ರಾಧಿಕಾರದ ಕಡತದೊಂದಿಗೆ ತಾಳೆ ನೋಡುವುದು. ಮಾರಾಟಗಾರರು ಕೊಟ್ಟ ನಕಲು ಪ್ರತಿ ಸಾಲದು.
4. ರಸ್ತೆ ಹಾಗೂ ಉದ್ಯಾನದ ಜಾಗವನ್ನು ಸ್ಥಳೀಯ ಸಂಸ್ಥೆಗೆ ಹಸ್ತಾಂತರಿಸಲಾಗಿದೆಯೇ, ನಿವೇಶನದ ಬಿಡುಗಡೆ ಆದೇಶವಾಗಿದೆಯೇ ಎಂದು ನೋಡುವುದು.
5. ಗ್ರಾಮ ಪಂಚಾಯಿತಿ ವ್ಯಾಪ್ತಿಯಲ್ಲಿ ಇ-ಸ್ವತ್ತು ತಂತ್ರಾಂಶದ ದಾಖಲೆಯನ್ನು ಪರಿಶೀಲಿಸುವುದು.

12. ಪದೇ ಪದೇ ಕೇಳಲಾಗುವ ಪ್ರಶ್ನೆಗಳು

ಪ್ರಶ್ನೆ: ಉಪ ನೋಂದಣಾಧಿಕಾರಿಗಳ ಕಛೇರಿಯಲ್ಲಿ ನೋಂದಣಿಯಾಗಿದೆ. ಮನೆ ಕಟ್ಟಬಹುದೇ?
ಉತ್ತರ: ನೋಂದಣಿಯು ಹಕ್ಕಿನ ವರ್ಗಾವಣೆಗೆ ಸಂಬಂಧಿಸಿದ್ದು. ಅದರಿಂದ ಜಮೀನಿನ ವಲಯವು ಬದಲಾಗುವುದಿಲ್ಲ.

ಪ್ರಶ್ನೆ: ಮನೆ ತೆರಿಗೆ ಕಟ್ಟುತ್ತಿದ್ದೇನೆ, ವಿದ್ಯುತ್ ಸಂಪರ್ಕವೂ ಇದೆ. ಇದು ಅನುಮತಿಗೆ ಸಮಾನವಲ್ಲವೇ?
ಉತ್ತರ: ಅಲ್ಲ. ತೆರಿಗೆ ವಸೂಲಿಯು ಕಟ್ಟಡವನ್ನು ಸಕ್ರಮಗೊಳಿಸುವುದಿಲ್ಲ.

ಪ್ರಶ್ನೆ: 2020ರ ನಂತರ ಯಾರು ಬೇಕಾದರೂ ಕೃಷಿ ಜಮೀನು ಕೊಳ್ಳಬಹುದಂತೆ. ಹಾಗಾದರೆ ಪರಿವರ್ತನೆ ಏಕೆ?
ಉತ್ತರ: 2020ರ ಭೂ ಸುಧಾರಣೆ ತಿದ್ದುಪಡಿಯಲ್ಲಿ ಕೃಷಿ ಜಮೀನನ್ನು ಕೊಳ್ಳುವವರ ಮೇಲಿದ್ದ ನಿರ್ಬಂಧಗಳನ್ನು ತೆಗೆಯಲಾಯಿತು. ಕೊಂಡ ಜಮೀನನ್ನು ಯಾವುದಕ್ಕೆ ಬಳಸಬೇಕು ಎಂಬ ನಿಯಮಗಳು ಆ ತಿದ್ದುಪಡಿಯಿಂದ ರದ್ದಾಗಿಲ್ಲ.

ಪ್ರಶ್ನೆ: ಈಗ ಕಟ್ಟಿಬಿಟ್ಟರೆ ಮುಂದೆ ಅಕ್ರಮ-ಸಕ್ರಮದಲ್ಲಿ ಸರಿಹೋಗುವುದಿಲ್ಲವೇ?
ಉತ್ತರ: ಆ ಭರವಸೆಯ ಮೇಲೆ ಹಣ ಹೂಡುವುದು ಸೂಕ್ತವಲ್ಲ. ನಗರ ಪ್ರದೇಶದ ಅನಧಿಕೃತ ಕಟ್ಟಡಗಳನ್ನು ಸಕ್ರಮಗೊಳಿಸುವ ಯೋಜನೆಗೆ ಉಚ್ಚ ನ್ಯಾಯಾಲಯವು 2016ರ ಡಿಸೆಂಬರ್‌ನಲ್ಲಿ ಸಮ್ಮತಿ ನೀಡಿದ್ದರೂ, 2017ರ ಜನವರಿಯಲ್ಲಿ ಸರ್ವೋಚ್ಚ ನ್ಯಾಯಾಲಯವು ಅದಕ್ಕೆ ತಡೆಯಾಜ್ಞೆ ನೀಡಿತು.

ಪ್ರಶ್ನೆ: ಅನುಮತಿ ಇಲ್ಲದೆ ಕೃಷಿ ಜಮೀನನ್ನು ಬೇರೆ ಉದ್ದೇಶಕ್ಕೆ ಬಳಸಿದಲ್ಲಿ ಏನಾಗುತ್ತದೆ?
ಉತ್ತರ: ಭೂ ಕಂದಾಯ ಅಧಿನಿಯಮದ ಪ್ರಕರಣ 96ರ ಅನ್ವಯ ದಂಡ ಹಾಗೂ ಇತರ ಕ್ರಮಗಳಿಗೆ ಒಳಗಾಗಬೇಕಾಗುತ್ತದೆ. ಯೋಜನಾ ಅಧಿನಿಯಮದಡಿಯಲ್ಲಿ ಪ್ರಾಧಿಕಾರವೂ ಪ್ರತ್ಯೇಕವಾಗಿ ಕ್ರಮ ಜರುಗಿಸಬಹುದು.

13. ಮಾಹಿತಿ ಪಡೆಯುವುದು ಮತ್ತು ಮೇಲ್ಮನವಿ

ಮಹಾಯೋಜನೆಯ ನಕ್ಷೆ ಹಾಗೂ ವಲಯ ನಿಯಮಗಳನ್ನು ಸಂಬಂಧಪಟ್ಟ ಯೋಜನಾ ಪ್ರಾಧಿಕಾರದ ಕಛೇರಿಯಲ್ಲಿ ಅವಲೋಕಿಸಬಹುದು. ಹಾಸನ ಸ್ಥಳೀಯ ಯೋಜನಾ ಪ್ರದೇಶಕ್ಕೆ ಹಾಸನ ನಗರಾಭಿವೃದ್ಧಿ ಪ್ರಾಧಿಕಾರವನ್ನು ಸಂಪರ್ಕಿಸತಕ್ಕದ್ದು. ಇತರ ಪಟ್ಟಣಗಳಿಗೆ ಸಂಬಂಧಿಸಿದಂತೆ ತಮ್ಮ ಪುರಸಭೆ ಅಥವಾ ಜಿಲ್ಲೆಯ ನಗರ ಯೋಜನಾ ಕಛೇರಿಯಲ್ಲಿ ವಿಚಾರಿಸಬಹುದು. ಭೂ ಪರಿವರ್ತನೆಯ ಅರ್ಜಿಯನ್ನು ಕಂದಾಯ ಇಲಾಖೆಯ ಭೂಮಿ ಅಂತರ್ಜಾಲ ಸೇವೆಯ ಮೂಲಕ ಸಲ್ಲಿಸಬಹುದು. ಇಲಾಖಾ ಸೇವೆಯು ಸಕಾಲ ಅಧಿನಿಯಮದಡಿ ಅಧಿಸೂಚಿತವಾಗಿದ್ದಲ್ಲಿ ಸಕಾಲ ಸಂಖ್ಯೆಯನ್ನು ಕೇಳಿ ಪಡೆಯತಕ್ಕದ್ದು.

ಅರ್ಜಿಯ ಸ್ಥಿತಿ ತಿಳಿಯದಿದ್ದಲ್ಲಿ 2005ರ ಮಾಹಿತಿ ಹಕ್ಕು ಅಧಿನಿಯಮದಡಿ ರೂ. 10 ಶುಲ್ಕದೊಂದಿಗೆ ಅರ್ಜಿ ಸಲ್ಲಿಸಬಹುದು. ಮಾಹಿತಿ ಅಧಿಕಾರಿಗಳು 30 ದಿನಗಳೊಳಗೆ ಉತ್ತರಿಸಬೇಕಾಗುತ್ತದೆ. ಭೂ ಪರಿವರ್ತನೆ ಕುರಿತಾದ ಜಿಲ್ಲಾಧಿಕಾರಿಗಳ ಆದೇಶದಿಂದ ಬಾಧಿತರಾದವರು ಕರ್ನಾಟಕ ಮೇಲ್ಮನವಿ ನ್ಯಾಯಮಂಡಳಿಯ ಮುಂದೆ ಮೇಲ್ಮನವಿ ಸಲ್ಲಿಸಬಹುದು. ತಿರಸ್ಕಾರದ ಆದೇಶವನ್ನು ಯಾವಾಗಲೂ ಕಾರಣಗಳೊಂದಿಗೆ ಲಿಖಿತವಾಗಿ ಪಡೆಯಿರಿ. ಕಾರಣ ತಿಳಿದಲ್ಲಿ ಎಷ್ಟೋ ಪ್ರಕರಣಗಳಲ್ಲಿ ಕೊರತೆಯಾದ ದಾಖಲೆಯನ್ನು ಸರಿಪಡಿಸಿ ಮರು ಅರ್ಜಿ ಸಲ್ಲಿಸುವುದೇ ಮೇಲ್ಮನವಿಗಿಂತ ಸುಲಭವಾಗಿರುತ್ತದೆ.

ಸೂಚನೆ: ಈ ಪುಟದ ಮಾಹಿತಿಯು ಸಾರ್ವಜನಿಕರ ಸಾಮಾನ್ಯ ತಿಳಿವಳಿಕೆಗಾಗಿ ಮಾತ್ರ. ಅಧಿನಿಯಮ, ನಿಯಮ ಹಾಗೂ ಶುಲ್ಕಗಳು ಕಾಲಕಾಲಕ್ಕೆ ತಿದ್ದುಪಡಿಯಾಗುವುದರಿಂದ, ಅರ್ಜಿ ಸಲ್ಲಿಸುವ ಅಥವಾ ಜಮೀನು ಖರೀದಿಸುವ ಮುನ್ನ ಸಂಬಂಧಪಟ್ಟ ಕಛೇರಿಯಲ್ಲಿ ಖಚಿತಪಡಿಸಿಕೊಳ್ಳಲು ಕೋರಲಾಗಿದೆ.